ಕಾರಿನ ಸುತ್ತಲ ಗಾಳಿ: ಜಾಲದ ಗುಣಮಟ್ಟವನ್ನು ಕಲಿಸುವ ಒಂದು ಪಾಠ

ತರಗತಿ: ದ್ವಿತೀಯ ಪಿಯುಸಿ, ಗಣಿತ. ಅವಧಿ: 45 ನಿಮಿಷ.
ಪೂರ್ವಜ್ಞಾನ: ತ್ರಾಪಿಜ್ಯದ ವಿಸ್ತೀರ್ಣ, ವರ್ಗಮೂಲ, ನಿಶ್ಚಿತ ಅನುಕಲನ.

ಉದ್ದೇಶ: ಕೋಶಗಳ ಸಂಖ್ಯೆಯಷ್ಟೇ ಅವುಗಳ ಹಂಚಿಕೆಯೂ ಮುಖ್ಯ ಎಂಬುದನ್ನು ವಿದ್ಯಾರ್ಥಿಗಳು ಸ್ವತಃ ಲೆಕ್ಕ ಮಾಡಿ ಕಂಡುಕೊಳ್ಳುವರು.

ಪೀಠಿಕೆ: ಕಾರಿಗೆ ಗಾಳಿ ಒಡ್ಡುವ ತಡೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಕಾರಿನ ಸುತ್ತಲ ಜಾಗವನ್ನು ಪುಟ್ಟ ಕೋಶಗಳಾಗಿ ವಿಭಾಗಿಸುತ್ತಾರೆ. ಇದೇ ಜಾಲ. ಕಾರಿಗೆ ಹೋಲಿಸಿದರೆ, ಅದರ ಮೈಗೆ ತಾಗಿದ ಗಾಳಿಯ ವೇಗ ಸೊನ್ನೆ. ತುಸು ದೂರದಲ್ಲೇ ಪೂರ್ಣ ವೇಗ. ಈ ತೆಳು ಪದರವನ್ನು ದೊಡ್ಡ ಕೋಶಗಳು ಹಿಡಿಯಲಾರವು.

ಚಟುವಟಿಕೆ: ಆರಂಭದಲ್ಲಿ ಕಡಿದಾಗಿ ಏರಿ ನಂತರ ಬಾಗುವ y = √x ರೇಖೆಯನ್ನು ಗ್ರಾಫ್ ಹಾಳೆಯಲ್ಲಿ 0ಯಿಂದ 1ರವರೆಗೆ ಬರೆಸಿ. ಇದು ಗಾಳಿಯ ನಿಜವಾದ ವೇಗರೇಖೆಯಲ್ಲ, ಅದನ್ನು ಹೋಲುವ ಸರಳ ಮಾದರಿ ಎಂದು ತಿಳಿಸಿ. ರೇಖೆಯ ಕೆಳಗಿನ ನಿಖರ ವಿಸ್ತೀರ್ಣ 2/3, ಅಂದರೆ 0.6667. ತರಗತಿಯನ್ನು ಮೂರು ಗುಂಪು ಮಾಡಿ, ತ್ರಾಪಿಜ್ಯ ವಿಧಾನದಿಂದ ಲೆಕ್ಕ ಮಾಡಿಸಿ.

ಗುಂಪು 1: ನಾಲ್ಕು ಸಮ ಪಟ್ಟಿಗಳು. ಉತ್ತರ 0.6433.
ಗುಂಪು 2: ಎಂಟು ಸಮ ಪಟ್ಟಿಗಳು. ಉತ್ತರ 0.6581.
ಗುಂಪು 3: 0, 1/16, 1/4, 9/16, 1 ಬಿಂದುಗಳಲ್ಲಿ ನಾಲ್ಕು ಪಟ್ಟಿಗಳು. ಉತ್ತರ 0.6563.

ಮೂರನೆಯ ಗುಂಪು ಅರ್ಧದಷ್ಟು ಪಟ್ಟಿಗಳಲ್ಲೇ ಎರಡನೆಯ ಗುಂಪಿನ ಹತ್ತಿರ ಬಂದದ್ದು ಹೇಗೆ? ಕಾರಣವನ್ನು ವಿದ್ಯಾರ್ಥಿಗಳ ಬಾಯಿಂದಲೇ ಹೊರಡಿಸಿ. ಶಿಕ್ಷಕರು ಮೊದಲೇ ಹೇಳಬಾರದು.

ಅನ್ವಯ: 1984ರಲ್ಲಿ ಪ್ರಕಟವಾದ ಅಹಮದ್ ಮಾದರಿಯು 1044 ಮಿ.ಮೀ. ಉದ್ದದ ಸರಳೀಕೃತ ಕಾರು. ಹಿಂಬದಿಯ ಇಳಿಜಾರು 25° ಇದ್ದಾಗ, ಬೇರ್ಪಟ್ಟ ಗಾಳಿ ಭಾಗಶಃ ಮತ್ತೆ ಮೈಗೆ ಅಂಟುತ್ತದೆ. 35° ಇದ್ದಾಗ ಅಂಟುವುದಿಲ್ಲ. ತಡೆಯ ಲೆಕ್ಕ ಈ ವ್ಯತ್ಯಾಸವನ್ನೇ ಅವಲಂಬಿಸಿದೆ. ಆದ್ದರಿಂದ ಸಣ್ಣ ಕೋಶಗಳು ಮೈಗೆ ಅಂಟಿದ ಪದರದಲ್ಲಿ, ಇಳಿಜಾರಿನ ಅಂಚಿನಲ್ಲಿ ಮತ್ತು ಹಿಂದಿನ ಸುಳಿಗಳಲ್ಲಿ ಬೇಕು. ದೂರದ ಸಮ ಗಾಳಿಯಲ್ಲಿ ದೊಡ್ಡವು ಸಾಕು.

ಎಚ್ಚರಿಕೆ: ಗುಂಪು 3ರಲ್ಲಿ ಎರಡನೆಯ ಪಟ್ಟಿ ಮೊದಲನೆಯದರ ಮೂರರಷ್ಟು ಅಗಲ. ನಿಜವಾದ ಜಾಲದಲ್ಲಿ ಇಂಥ ಜಿಗಿತ ದೋಷವನ್ನು ಹೆಚ್ಚಿಸುತ್ತದೆ. ಮೈಬಳಿಯ ಪದರಗಳನ್ನು ಸಾಮಾನ್ಯವಾಗಿ ಸುಮಾರು 1.2 ಪಟ್ಟು ಮಾತ್ರ ಬೆಳೆಸುತ್ತಾರೆ. ತೀರಾ ಓರೆಯಾದ ಕೋಶಗಳೂ ಲೆಕ್ಕವನ್ನು ಕೆಡಿಸುತ್ತವೆ.

ಮೌಲ್ಯಮಾಪನ:
1. ನಾಲ್ಕೇ ಪಟ್ಟಿಗಳಲ್ಲಿ 0.6563ಕ್ಕಿಂತ ಉತ್ತಮ ಉತ್ತರ ಬರುವಂತೆ ಬಿಂದುಗಳನ್ನು ಆರಿಸಬಹುದೇ? ಪ್ರಯತ್ನಿಸಿ.
2. ನಿಖರ ಉತ್ತರ ಗೊತ್ತಿಲ್ಲದಿದ್ದರೆ ಜಾಲ ಸಾಕಷ್ಟು ಸೂಕ್ಷ್ಮವಾಗಿದೆಯೇ ಎಂದು ಪರೀಕ್ಷಿಸುವುದು ಹೇಗೆ? (ಸುಳಿವು: ಜಾಲವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿ, ಉತ್ತರ ಎಷ್ಟು ಬದಲಾಯಿತು ಎಂದು ನೋಡಿ.)