ಅಂಕಿ ಕಣ್ಣೆದುರೇ ಇರುವಾಗ ಊಹಿಸುವುದು ಏನನ್ನು?

ಪ್ರಶ್ನೆ: ಕಾಲೇಜಿಗೆ ಹೋಗುವ ನನ್ನ ಮಗ ಕಂಪ್ಯೂಟರಿನಲ್ಲಿ ಬ್ಯಾಸ್ಕೆಟ್‌ಬಾಲ್ ಲೀಗ್ ನಡೆಸುವ ಆಟವೊಂದನ್ನು ಗೆಳೆಯರ ಜೊತೆ ಆಡುತ್ತಾನೆ. ಮೂವತ್ತು ತಂಡ, ಒಂದೊಂದಕ್ಕೂ ಒಬ್ಬೊಬ್ಬ ಮ್ಯಾನೇಜರ್. ಆಟಗಾರರೆಲ್ಲ ಕಂಪ್ಯೂಟರ್ ಸೃಷ್ಟಿಸಿದವರು. ಹೊಸ ಆಟಗಾರರ ಡ್ರಾಫ್ಟ್ ಹತ್ತಿರ ಬಂದಾಗ, ಮೊದಲ ಸುತ್ತಿನಲ್ಲಿ ಯಾವ ತಂಡ ಯಾರನ್ನು ತೆಗೆದುಕೊಳ್ಳುತ್ತದೆ ಎಂದು ಊಹಿಸಿ ಪಟ್ಟಿ ಬರೆಯಲು ತಡರಾತ್ರಿಯವರೆಗೆ ಕೂರುತ್ತಾನೆ. ಪ್ರತಿ ಆಟಗಾರನ ಅಂಕಿಯೂ ಪರದೆಯ ಮೇಲೆ ಇದೆ. ಹೆಚ್ಚು ಅಂಕಿಯವನಿಂದ ಶುರುಮಾಡಿ ಕೆಳಗೆ ಬರೆದುಕೊಂಡು ಹೋದರೆ ಮುಗಿಯಿತಲ್ಲ? ಇದರಲ್ಲಿ ಊಹಿಸುವುದು ಏನಿದೆ?

ಉತ್ತರ: ನೀವು ಇದನ್ನು ಕೇಳಿದ್ದು ಸಂತೋಷ. ಈ ಆಟವನ್ನು ಹೊರಗಿನಿಂದ ನೋಡುವ ಯಾರಿಗಾದರೂ ಮೊದಲು ಬರುವ ಸಂದೇಹ ಇದೇ. ಹೊಸದಾಗಿ ಆಡಲು ಬಂದವರೂ ನೀವು ಹೇಳಿದ ಹಾಗೆಯೇ ಪಟ್ಟಿ ಮಾಡುತ್ತಾರೆ. ಪ್ರಶ್ನೆಯನ್ನು ಹೀಗೆ ಇಟ್ಟುಕೊಳ್ಳೋಣ: ಆಟಗಾರನ ಗುಣಗಳೆಲ್ಲ ಸಂಖ್ಯೆಯಾಗಿ ಕಾಣುವಾಗ, ಆಯ್ಕೆಯ ಕ್ರಮವೂ ಆ ಸಂಖ್ಯೆಗಳ ಕ್ರಮವೇ ಏಕೆ ಆಗುವುದಿಲ್ಲ?

ಇದಕ್ಕೆ ಮೊದಲು ಡ್ರಾಫ್ಟ್ ಎಂದರೇನು ಎಂದು ನೋಡಬೇಕು. ನಮಗೆ ಹೆಚ್ಚು ಪರಿಚಯವಿರುವುದು ಐಪಿಎಲ್ ಹರಾಜು. ಅಲ್ಲಿ ಒಬ್ಬ ಆಟಗಾರ ಬೇಕೇಬೇಕೆಂದರೆ ಹಣ ಏರಿಸುತ್ತ ಹೋಗಬಹುದು. ಅಮೆರಿಕದ ಎನ್‌ಬಿಎಯಲ್ಲಿ ಹೊಸ ಆಟಗಾರರಿಗೆ ಹರಾಜಿಲ್ಲ, ಸರದಿ ಇದೆ. 30 ತಂಡ, ಎರಡು ಸುತ್ತು, ಲೆಕ್ಕಕ್ಕೆ 60 ಆಯ್ಕೆ. ತನ್ನ ಸರದಿ ಬಂದಾಗ ತಂಡವು ಉಳಿದವರಲ್ಲಿ ಒಬ್ಬನ ಹೆಸರು ಹೇಳಬೇಕು. ಹಿಂದಿನ ಸೀಸನ್‌ನಲ್ಲಿ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯ ಸರದಿ. ದುರ್ಬಲರು ಚೇತರಿಸಿಕೊಳ್ಳಲಿ ಎಂಬುದು ಉದ್ದೇಶ.

ಆದರೆ ಕೊನೆಯ ಸ್ಥಾನಕ್ಕೇ ಬಹುಮಾನ ಇಟ್ಟರೆ ಬೇಕೆಂದೇ ಸೋಲುವವರು ಹುಟ್ಟಿಕೊಳ್ಳುತ್ತಾರೆ. ಅದನ್ನು ತಡೆಯಲು ಎನ್‌ಬಿಎ 1985ರಲ್ಲಿ ಲಾಟರಿ ತಂದಿತು. ನಿಯಮ ಹಲವು ಸಲ ಬದಲಾಗಿದೆ. 2019ರಲ್ಲಿ ಜಾರಿಗೆ ಬಂದ ಕ್ರಮ ಹೀಗಿದೆ: ಪ್ಲೇಆಫ್ ತಲುಪದ 14 ತಂಡಗಳು ಲಾಟರಿಗೆ ಬರುತ್ತವೆ. 1ರಿಂದ 14ರವರೆಗೆ ಸಂಖ್ಯೆ ಬರೆದ ಪಿಂಗ್‌ಪಾಂಗ್ ಚೆಂಡುಗಳನ್ನು ಯಂತ್ರದಲ್ಲಿ ಹಾಕಿ ನಾಲ್ಕನ್ನು ತೆಗೆಯುತ್ತಾರೆ. ಹದಿನಾಲ್ಕರಲ್ಲಿ ನಾಲ್ಕನ್ನು ಆರಿಸಲು 1001 ಬಗೆ ಇವೆ. ಒಂದನ್ನು ಬದಿಗಿಟ್ಟು 1000 ಜೋಡಣೆಗಳನ್ನು ತಂಡಗಳಿಗೆ ಹಂಚಿರುತ್ತಾರೆ. ತೀರಾ ಕೆಳಗಿನ ಮೂರು ತಂಡಗಳಿಗೆ ತಲಾ 140, ಅಂದರೆ ಶೇ 14ರಷ್ಟು ಅವಕಾಶ. ಮೊದಲ ನಾಲ್ಕು ಸ್ಥಾನ ಹೀಗೆ ತೀರ್ಮಾನವಾಗುತ್ತದೆ, ಉಳಿದದ್ದು ಸೋಲಿನ ಲೆಕ್ಕದಂತೆ. 2025ರಲ್ಲಿ ಕೇವಲ ಶೇ 1.8 ಅವಕಾಶವಿದ್ದ ಡಲ್ಲಾಸ್ ತಂಡಕ್ಕೆ ಮೊದಲ ಸ್ಥಾನ ಬಂತು, ಡ್ಯೂಕ್ ವಿಶ್ವವಿದ್ಯಾಲಯದ ಕೂಪರ್ ಫ್ಲ್ಯಾಗ್ ಅಲ್ಲಿಗೆ ಹೋದರು. ಲಾಟರಿಗೆ ಮುಂಚೆ ಬರೆದ ಊಹೆಗಳಲ್ಲಿ ತಂಡದ ಹೆಸರೇ ತಪ್ಪಿತ್ತು.

ನಿಮ್ಮ ಮಗ ಆಡುವಂಥ ಆಟಗಳು ಈ ವ್ಯವಸ್ಥೆಯನ್ನೇ ಅನುಸರಿಸುತ್ತವೆ. ಬ್ರೌಸರಿನಲ್ಲೇ ಉಚಿತವಾಗಿ ಆಡಬಹುದಾದ ‘ಬ್ಯಾಸ್ಕೆಟ್‌ಬಾಲ್ ಜಿಎಂ’ ಇವುಗಳಲ್ಲಿ ಹೆಸರಾದದ್ದು. ಚೆಂಡು ಎಸೆಯುವ ಕೆಲಸ ನಮ್ಮದಲ್ಲ. ತಂಡ ಕಟ್ಟುವುದು, ಸಂಬಳ ತೂಗಿಸುವುದು, ಆಟಗಾರರನ್ನು ಟ್ರೇಡ್ ಮಾಡುವುದು ಮಾತ್ರ ನಮ್ಮದು, ಪಂದ್ಯವನ್ನು ಕಂಪ್ಯೂಟರ್ ಲೆಕ್ಕ ಹಾಕಿ ಮುಗಿಸುತ್ತದೆ. ಒಬ್ಬರೇ ಆಡಿದರೆ ಉಳಿದ 29 ತಂಡಗಳನ್ನು ಕಂಪ್ಯೂಟರೇ ನಡೆಸುತ್ತದೆ. ಗೆಳೆಯರು ಸೇರಿ ಆಡಿದರೆ ಒಬ್ಬರು ಕಮಿಷನರ್ ಆಗಿ ಲೀಗನ್ನು ಮುಂದಕ್ಕೆ ಓಡಿಸುತ್ತಾರೆ, ಒಂದೊಂದು ತಂಡದ ಹಿಂದೆಯೂ ಒಬ್ಬ ಮನುಷ್ಯ ಇರುತ್ತಾನೆ. ಈ ವ್ಯತ್ಯಾಸವನ್ನು ನೆನಪಿಡಿ, ಉತ್ತರಕ್ಕೆ ಇದು ಮುಖ್ಯ.

ಈಗ ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಡ್ರಾಫ್ಟ್‌ಗೆ ಮುಂಚೆ ಎರಡು ಬಗೆಯ ಪಟ್ಟಿಗಳು ಬರುತ್ತವೆ, ನೋಡಲು ಎರಡೂ ಒಂದೇ ಥರ. ಒಂದಕ್ಕೆ ‘ಬಿಗ್ ಬೋರ್ಡ್’ ಎನ್ನುತ್ತಾರೆ. ಯಾರು ಯಾರಿಗಿಂತ ಉತ್ತಮ ಎಂಬುದರ ಬಗ್ಗೆ ಬರೆದವರ ಸ್ವಂತ ತೀರ್ಮಾನ ಅದು. ಇನ್ನೊಂದು ‘ಮಾಕ್ ಡ್ರಾಫ್ಟ್’. ಯಾವ ತಂಡ ಯಾರ ಹೆಸರು ಹೇಳುತ್ತದೆ ಎಂಬ ಅಂದಾಜು ಅದು. ಅಂಕಿ ನೋಡಿ ಇಳಿಸಿ ಬರೆಯುವ ನಿಮ್ಮ ಪಟ್ಟಿ ಬಿಗ್ ಬೋರ್ಡ್. ನಿಮ್ಮ ಮಗ ಬರೆಯುತ್ತಿರುವುದು ಮಾಕ್ ಡ್ರಾಫ್ಟ್. ಮೊದಲನೆಯದಕ್ಕೆ ಆಟಗಾರರನ್ನು ತಿಳಿದಿದ್ದರೆ ಸಾಕು, ಎರಡನೆಯದಕ್ಕೆ ಆರಿಸುವವರನ್ನೂ ತಿಳಿದಿರಬೇಕು.

ನಿಜವಾದ ಎನ್‌ಬಿಎಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. 2013ರಲ್ಲಿ ಹೆಚ್ಚಿನ ಊಹೆಗಾರರು ಮೊದಲ ಸ್ಥಾನಕ್ಕೆ ಬರೆದದ್ದು ನೆರ್ಲೆನ್ಸ್ ನೋಯಲ್ ಅವರ ಹೆಸರು. ಕ್ಲೀವ್‌ಲ್ಯಾಂಡ್ ತಂಡ ಆಂಟನಿ ಬೆನೆಟ್ ಎಂದಾಗ ಎಲ್ಲರೂ ಬೆಚ್ಚಿದರು. ಆ ವರ್ಷವೇ ಮಂಡಿಗೆ ಪೆಟ್ಟು ಮಾಡಿಕೊಂಡಿದ್ದ ನೋಯಲ್ ಆರನೆಯ ಸ್ಥಾನಕ್ಕೆ ಜಾರಿದರು. ಬೆನೆಟ್ ಎನ್‌ಬಿಎಯಲ್ಲಿ ಆಡಿದ್ದು ನಾಲ್ಕೇ ಸೀಸನ್. ಅದೇ ಸುತ್ತಿನ 15ನೆಯ ಸರದಿಯಲ್ಲಿ ಮಿಲ್ವಾಕಿ ತಂಡ ಆರಿಸಿದ ಯಾನಿಸ್ ಅಂಟೆಟೊಕುಂಪೊ ಮುಂದೆ ಎರಡು ಸಲ ಲೀಗ್‌ನ ಅತ್ಯುತ್ತಮ ಆಟಗಾರ ಎನ್ನಿಸಿಕೊಂಡರು. ಈಗ ಯೋಚಿಸಿ: ‘ಮೊದಲು ಬೆನೆಟ್’ ಎಂದು ಒಬ್ಬರು ಮಾಕ್ ಡ್ರಾಫ್ಟ್‌ನಲ್ಲಿ ಬರೆದಿದ್ದರೆ ಅವರ ಊಹೆ ಸರಿ. ಅದನ್ನೇ ಬಿಗ್ ಬೋರ್ಡ್‌ನಲ್ಲಿ ಬರೆದಿದ್ದರೆ ತಪ್ಪು.

ಇನ್ನು ನೀವು ಹೇಳುವ ಅಂಕಿಗೆ ಬರೋಣ. ಬ್ಯಾಸ್ಕೆಟ್‌ಬಾಲ್ ಜಿಎಂನಲ್ಲಿ ಎತ್ತರ, ವೇಗ, ಜಿಗಿತ, ಮೂರಂಕದ ಎಸೆತ, ಪಾಸ್, ರಿಬೌಂಡ್ ಹೀಗೆ ಹಲವು ಗುಣಗಳಿಗೆ ಬೇರೆಬೇರೆ ಅಂಕಿ. ಅವನ್ನೆಲ್ಲ ಸೇರಿಸಿ ‘ಓವರಾಲ್’ ಎಂಬ ಒಂದು ಮೊತ್ತ ಕೊಡುತ್ತದೆ, ಅದರಲ್ಲಿ ಎತ್ತರಕ್ಕೆ ತೂಕ ಹೆಚ್ಚು. ಪಕ್ಕದಲ್ಲೇ ‘ಪೊಟೆನ್ಷಿಯಲ್’ ಎಂಬ ಇನ್ನೊಂದು ಅಂಕಿ. ಮೊದಲನೆಯದು ಇವತ್ತಿನ ಆಟ, ಎರಡನೆಯದು ಮುಂದೆ ಎಲ್ಲಿಗೆ ಮುಟ್ಟಬಹುದು ಎಂಬ ಅಂದಾಜು. ಒಂದೇ ಅಂಕಿ ಇದ್ದಿದ್ದರೆ ನಿಮ್ಮ ವಿಧಾನ ನಡೆಯುತ್ತಿತ್ತು. ಎರಡಿರುವುದರಿಂದ ‘ಹೆಚ್ಚು’ ಎಂದರೆ ಯಾವುದು ಹೆಚ್ಚು ಎಂದು ಕೇಳಬೇಕಾಗುತ್ತದೆ.

ಒಂದು ಜೋಡಿಯನ್ನು ಹತ್ತಿರದಿಂದ ನೋಡಿ. ಒಬ್ಬನಿಗೆ 19 ವರ್ಷ, ಓವರಾಲ್ 44, ಪೊಟೆನ್ಷಿಯಲ್ 68. ಇನ್ನೊಬ್ಬನಿಗೆ 22 ವರ್ಷ, ಓವರಾಲ್ 53, ಪೊಟೆನ್ಷಿಯಲ್ 58. ಈ ಆಟದ ಅಳತೆಯಲ್ಲಿ 70ರ ಆಸುಪಾಸು ಮುಟ್ಟಿದವನು ತಾರೆ, 53 ಇರುವವನು ಬಂದ ದಿನವೇ ಬೆಂಚಿನಿಂದ ಇಳಿದು ಕೆಲಸ ಮಾಡಬಲ್ಲ. ಮುಂದಿನ ಮೂರು ವರ್ಷ ಗೆಲ್ಲುವ ಆಸೆಯೇ ಇಲ್ಲದೆ ತಂಡವನ್ನು ಬುಡದಿಂದ ಕಟ್ಟುತ್ತಿರುವ ಮ್ಯಾನೇಜರ್ ಕಣ್ಣುಮುಚ್ಚಿ ಮೊದಲನೆಯವನನ್ನು ಆರಿಸುತ್ತಾನೆ. ಕಳೆದ ವರ್ಷ ಫೈನಲ್‌ನಲ್ಲಿ ಸೋತು, ಮೂವತ್ತು ದಾಟಿದ ಇಬ್ಬರು ತಾರೆಯರನ್ನು ಇಟ್ಟುಕೊಂಡು ಈ ವರ್ಷವೇ ಗೆಲ್ಲಬೇಕೆಂದು ಕೂತವನಿಗೆ ಎರಡನೆಯವನೇ ಬೇಕು. ಇಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿ. ಈ ಇಬ್ಬರು ಆಟಗಾರರಲ್ಲಿ ಯಾರು ಮೊದಲು ಹೋಗುತ್ತಾರೆ ಎಂಬುದು ಆ ಸರದಿಯಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೆ ನಿಂತಿದೆ.

ಇದರ ಮೇಲೆ ಇನ್ನೊಂದು ತೊಡಕೂ ಇದೆ, ಹೊರಗಿನವರಿಗೆ ಇದು ಗೊತ್ತಾಗುವುದು ಕಷ್ಟ. ಪರದೆಯ ಮೇಲೆ ಕಾಣುವ ಅಂಕಿ ಆಟಗಾರನ ನಿಜವಾದ ಅಂಕಿಯೇ ಆಗಿರಬೇಕೆಂದಿಲ್ಲ. ನಿಜ ಜೀವನದಲ್ಲಿ ಹುಡುಗನೊಬ್ಬನ ಆಟವನ್ನು ನೋಡಿ ಅಳೆಯುವಾಗ ತಪ್ಪುವುದುಂಟಲ್ಲ, ಅದನ್ನು ತರಲು ಆಟ ಬರೆದವರು ಅಂಕಿಯಲ್ಲಿ ಬೇಕೆಂದೇ ಸ್ವಲ್ಪ ಮಸುಕು ಸೇರಿಸಿದ್ದಾರೆ. ಆಡುವವರು ಅದಕ್ಕೆ ‘ಫಝ್’ ಎನ್ನುತ್ತಾರೆ. 68 ಎಂದು ಕಂಡದ್ದು ಒಳಗೆ 64 ಇರಬಹುದು, 71 ಇರಬಹುದು. ಸ್ಕೌಟಿಂಗ್‌ಗೆ, ಅಂದರೆ ಹೀಗೆ ನೋಡಿ ಅಳೆಯುವ ಕೆಲಸಕ್ಕೆ, ಹೆಚ್ಚು ಹಣ ಹಾಕಿದ ತಂಡಕ್ಕೆ ಮಸುಕು ಕಡಿಮೆ. ಸಾಲದ್ದಕ್ಕೆ ಪೊಟೆನ್ಷಿಯಲ್ ಒಂದು ಅಂದಾಜೇ ಹೊರತು ಭರವಸೆಯಲ್ಲ: ವರ್ಷಕ್ಕೊಮ್ಮೆ ಅಂಕಿಗಳು ಏರಿಳಿಯುತ್ತವೆ, ಎಳೆಯರು ಸಾಮಾನ್ಯವಾಗಿ ಏರುತ್ತಾರೆ, ಆದರೆ ಎಷ್ಟು ಏರುತ್ತಾರೆ ಎಂಬುದರಲ್ಲಿ ಅದೃಷ್ಟದ ಪಾಲು ದೊಡ್ಡದು. ಹಾಗಾಗಿ 68 ಇರುವವನನ್ನೂ 66 ಇರುವವನನ್ನೂ ಮುಂದೆ ಹಿಂದೆ ಎಂದು ವಿಂಗಡಿಸುವುದಕ್ಕೆ ನಿಜವಾಗಿ ಆಧಾರವಿಲ್ಲ.

ಅನುಭವಿಗಳು ಅದಕ್ಕೇ ಒಂದರ ಕೆಳಗೊಂದು ಬರೆಯುವುದನ್ನು ಬಿಟ್ಟು ಗುಂಪು ಮಾಡುತ್ತಾರೆ. ಮೇಲಿನ ಗುಂಪಿನಲ್ಲಿ ಇಬ್ಬರು, ಅದರ ಕೆಳಗೆ ನಾಲ್ವರು, ಆಮೇಲೆ ಹತ್ತು ಮಂದಿ, ಹೀಗೆ. ಗುಂಪು ಮತ್ತು ಗುಂಪಿನ ನಡುವೆ ಪ್ರತಿಭೆ ಮಾತಾಡುತ್ತದೆ: ಎಂಥ ಅಗತ್ಯ ಇದ್ದರೂ ಮೇಲಿನ ಗುಂಪಿನವನನ್ನು ಬಿಟ್ಟು ಕೆಳಗಿನವನನ್ನು ಆರಿಸುವವರು ಕಡಿಮೆ. ಒಂದೇ ಗುಂಪಿನ ಒಳಗೆ ಮಾತ್ರ ತಂಡದ ಅಗತ್ಯ, ಮ್ಯಾನೇಜರನ ಅಭಿರುಚಿ ಎಲ್ಲ ಕೆಲಸಕ್ಕೆ ಬರುತ್ತವೆ. ಊಹೆಗೆ ನಾನು ಕೊಡುವ ಸಲಹೆ ಒಂದೇ ಇದ್ದರೆ ಅದು ಈ ಗುಂಪು ಮಾಡುವುದು. ಉಳಿದ ಚಾತುರ್ಯವೆಲ್ಲ ಇದರ ನಂತರ.

ಪ್ರತಿಭೆ ಹೆಚ್ಚುಕಡಿಮೆ ಸಮ ಎಂದು ತೋರಿದಾಗ ಅಗತ್ಯ ಹೇಗೆ ತೀರ್ಮಾನ ಮಾಡುತ್ತದೆ ಎಂಬುದಕ್ಕೆ 1984ರ ಡ್ರಾಫ್ಟ್ ನೋಡಿ. ಹ್ಯೂಸ್ಟನ್ ಮೊದಲು ಹಕೀಮ್ ಒಲಾಜುವನ್ ಅವರನ್ನು ಆರಿಸಿತು. ಎರಡನೆಯ ಸರದಿಯ ಪೋರ್ಟ್‌ಲ್ಯಾಂಡ್‌ಗೆ ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ, ಬೇಕಿತ್ತು. ಮೈಕಲ್ ಜೋರ್ಡನ್ ಆಡುವ ಜಾಗಕ್ಕೆ ಹಿಂದಿನ ವರ್ಷವಷ್ಟೇ ತಂದ ಕ್ಲೈಡ್ ಡ್ರೆಕ್ಸ್‌ಲರ್ ಅವರಲ್ಲಿದ್ದರು. ಸ್ಯಾಮ್ ಬೋವಿಯನ್ನು ಆರಿಸಿದರು, ಜೋರ್ಡನ್ ಮೂರನೆಯವರಾಗಿ ಶಿಕಾಗೋಗೆ ಹೋದರು. ಇವತ್ತು ಎಲ್ಲರೂ ಅದನ್ನು ದೊಡ್ಡ ತಪ್ಪು ಎನ್ನುತ್ತಾರೆ, ಬೋವಿ ಗಾಯಗಳಿಂದ ಬಳಲಿದ್ದೂ ನಿಜ. ಆದರೆ ಮಾಕ್ ಡ್ರಾಫ್ಟ್ ಬರೆಯುವವನು ಅಂದಿನ ಪೋರ್ಟ್‌ಲ್ಯಾಂಡ್ ತಂಡದ ಪಟ್ಟಿಯನ್ನು ನೋಡಿದ್ದರೆ ಬೋವಿ ಎಂದೇ ಬರೆಯಬೇಕಿತ್ತು.

ನಿಮ್ಮ ಮಗ ತಡರಾತ್ರಿ ಕೂತು ನೋಡುವುದು ಬಹುಶಃ ಇಂಥವನ್ನೇ. ಮೊದಲು ಸರದಿ ಯಾರ ಕೈಯಲ್ಲಿದೆ ಎಂದು ನೋಡಬೇಕು, ಏಕೆಂದರೆ ಸರದಿಯನ್ನೂ ಟ್ರೇಡ್ ಮಾಡಬಹುದು. ಕೊನೆಯ ಸ್ಥಾನದ ತಂಡದ ಆಯ್ಕೆ ಎರಡು ವರ್ಷದ ಹಿಂದೆಯೇ ಚಾಂಪಿಯನ್ ತಂಡಕ್ಕೆ ಮಾರಿಹೋಗಿರಬಹುದು. ಆಮೇಲೆ ಆ ತಂಡದಲ್ಲಿ ಯಾರ ಗುತ್ತಿಗೆ ಮುಗಿಯುತ್ತಿದೆ, ಸಂಬಳದ ಮಿತಿಗೆ ಎಷ್ಟು ಹತ್ತಿರ ಇದ್ದಾರೆ, ಮೂರಂಕದ ಎಸೆತಗಾರರು ಎಷ್ಟಿದ್ದಾರೆ, ಚೆಂಡು ನಡೆಸುವವರು ಯಾರು. ಕೊನೆಗೆ ಆ ಮ್ಯಾನೇಜರ್ ಹಿಂದಿನ ಡ್ರಾಫ್ಟ್‌ಗಳಲ್ಲಿ ಏನು ಮಾಡಿದ್ದ ಎಂಬುದು. ಒಬ್ಬನಿಗೆ ಎತ್ತರದವರ ಮೇಲೆ ಮೋಹ, ಇನ್ನೊಬ್ಬ ಪ್ರತಿ ವರ್ಷ 19ರ ಹುಡುಗನನ್ನೇ ಹಿಡಿಯುತ್ತಾನೆ, ಮತ್ತೊಬ್ಬ ಸರದಿ ಬರುವ ಹೊತ್ತಿಗೆ ಅದನ್ನು ಮಾರಿ ಕೆಳಗೆ ಇಳಿಯುತ್ತಾನೆ. ಕೆಲವು ಸೀಸನ್ ಜೊತೆಗೆ ಆಡಿದ ಗೆಳೆಯರ ಗುಂಪಿನಲ್ಲಿ ಈ ರೂಢಿಗಳು ಬಲು ಸ್ಪಷ್ಟವಾಗಿ ಕಾಣುತ್ತವೆ.

ನೆನಪಿಡಿ ಎಂದಿದ್ದ ವ್ಯತ್ಯಾಸ ಇಲ್ಲಿಗೆ ಸೇರುತ್ತದೆ. ಉಳಿದ ತಂಡಗಳನ್ನೆಲ್ಲ ಕಂಪ್ಯೂಟರ್ ನಡೆಸುವ ಲೀಗಿನಲ್ಲಿ ನಿಮ್ಮ ವಿಧಾನ ಬಹುಮಟ್ಟಿಗೆ ನಡೆಯುತ್ತದೆ. ಕಂಪ್ಯೂಟರ್ ವಯಸ್ಸು, ಓವರಾಲ್, ಪೊಟೆನ್ಷಿಯಲ್ ಸೇರಿಸಿ ಒಂದು ಬೆಲೆ ಕಟ್ಟಿ, ಬೆಲೆ ಹೆಚ್ಚಿರುವವರ ಕಡೆಗೇ ವಾಲುತ್ತದೆ. ಊಹೆ ಕಷ್ಟವಾಗುವುದು ಮನುಷ್ಯರು ಕೂತ ಲೀಗಿನಲ್ಲಿ.

ಎಷ್ಟು ಕಷ್ಟ ಎಂದು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದೊಂದು ಆಯ್ಕೆಯನ್ನೂ ಹತ್ತರಲ್ಲಿ ಏಳು ಸಲ ಸರಿಯಾಗಿ ಹೇಳಬಲ್ಲ ಜಾಣ ಊಹೆಗಾರ ಇದ್ದಾನೆ ಎನ್ನಿ. ಮೊದಲ ಐದನ್ನೂ ಸಾಲಾಗಿ ಸರಿ ಹೇಳುವ ಸಾಧ್ಯತೆ 0.7ನ್ನು ಐದು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ ಸುಮಾರು 17. ಮೊದಲ ಹತ್ತಕ್ಕೆ ನೂರಕ್ಕೆ 3ಕ್ಕಿಂತ ಕಡಿಮೆ. ವಾಸ್ತವದಲ್ಲಿ ಒಂದು ತಪ್ಪು ಅಲ್ಲಿಗೇ ನಿಲ್ಲುವುದಿಲ್ಲ. ಮೂರನೆಯ ತಂಡ ಬೇರೆಯವನನ್ನು ಆರಿಸಿದರೆ, ಅದಕ್ಕೆಂದು ಬರೆದಿದ್ದವನು ನಾಲ್ಕನೆಯ ತಂಡದ ಮುಂದೆ ಬಂದು ನಿಲ್ಲುತ್ತಾನೆ, ಅಲ್ಲಿಂದ ಮುಂದಿನ ಸಾಲೆಲ್ಲ ಕದಲುತ್ತದೆ. ಆದ್ದರಿಂದ ತಂಡ, ಹೆಸರು, ಸ್ಥಾನ ಮೂರೂ ಹೊಂದಿದ್ದು ಎಷ್ಟು ಎಂದಷ್ಟೇ ಎಣಿಸಿದರೆ ಒಳ್ಳೆಯ ಊಹೆಗೂ ಅನ್ಯಾಯವಾಗುತ್ತದೆ. ಆಟಗಾರ ಮೊದಲ ಸುತ್ತಿನಲ್ಲಿ ಹೋದನೇ ಎಂಬುದಕ್ಕೆ ಒಂದು ಅಂಕ, ಬರೆದ ಸ್ಥಾನದಿಂದ ಎರಡು ಮೂರು ಸ್ಥಾನದೊಳಗೆ ಇದ್ದರೆ ಇನ್ನೊಂದು, ತಂಡವೂ ಸರಿಯಾದರೆ ಮತ್ತೊಂದು ಎಂದು ಕೊಡುವುದು ನ್ಯಾಯ. ಮಗನ ಪಟ್ಟಿಯನ್ನು ನೀವೇ ಹೀಗೆ ತಿದ್ದಿ ನೋಡಬಹುದು.

ಕೊನೆಯದಾಗಿ, ಊಹೆ ಮೊದಲ ಸುತ್ತಿಗೇ ಏಕೆ ನಿಲ್ಲುತ್ತದೆ ಎಂದೂ ನಿಮಗೆ ಅನ್ನಿಸಿರಬಹುದು. ಎರಡನೆಯ ಸುತ್ತಿಗೆ ಬರುವ ಹೊತ್ತಿಗೆ ಉಳಿದವರೆಲ್ಲ ಒಂದೇ ದೊಡ್ಡ ಗುಂಪು. ಅವರ ನಡುವಿನ ಅಂತರ ಮಸುಕಿಗಿಂತ ಚಿಕ್ಕದು. ತಪ್ಪಿದರೆ ನಷ್ಟವೂ ಕಡಿಮೆಯಾದ್ದರಿಂದ ಮ್ಯಾನೇಜರುಗಳು ಮನಸ್ಸಿಗೆ ಬಂದವನನ್ನು ಆರಿಸುತ್ತಾರೆ, ಅಲ್ಲಿ ಓದಿಕೊಳ್ಳಲು ರೂಢಿಯೇ ಸಿಗುವುದಿಲ್ಲ. ಹಾಗೆಂದು ಆ ಸುತ್ತು ಬರಿದಲ್ಲ. 2014ರಲ್ಲಿ ಡೆನ್ವರ್ ತಂಡ ನಿಕೊಲಾ ಯೊಕಿಚ್ ಅವರನ್ನು ಆರಿಸಿದ್ದು 41ನೆಯವರಾಗಿ, ಅವರೇ 2023ರಲ್ಲಿ ಆ ತಂಡಕ್ಕೆ ಮೊದಲ ಪ್ರಶಸ್ತಿ ತಂದರು. ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯರಾದದ್ದೂ ಎರಡನೆಯ ಸುತ್ತಿನಲ್ಲೇ, 52ನೆಯವರಾಗಿ, ಡಲ್ಲಾಸ್ ತಂಡಕ್ಕೆ.