ರಾತ್ರಿ ಹತ್ತಕ್ಕೆ ಬಂದ ಮೆಸೇಜು

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಕಳೆದ ವಾರ ರಾತ್ರಿ ಹತ್ತಕ್ಕೆ ಮ್ಯಾನೇಜರ್ ವಾಟ್ಸ್ಆ್ಯಪಿನಲ್ಲಿ 'ನಾಳೆ ಬಂದ ಕೂಡಲೇ ನನ್ನನ್ನು ನೋಡಿ' ಎಂದಷ್ಟೇ ಹಾಕಿದರು. ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಹಾಲು ಉಕ್ಕಿತೆಂದು ಮಗಳ ಮೇಲೆ ಕೂಗಾಡಿದೆ. ಹೋಗಿ ನೋಡಿದರೆ ರಜೆ ಅರ್ಜಿಗೆ ಸಹಿ ಬಿಟ್ಟಿದ್ದೆ, ಅಷ್ಟೇ! 'ಗಡಿ ಕಾಯೋ ಸೈನಿಕರನ್ನು ನೋಡು, ನಿಂದೇನು ಮಹಾ' ಎನ್ನುತ್ತಾರೆ ನಮ್ಮವರು. ಇದು ಕಾಯಿಲೆಯೇ?
– ಹೆಸರು ಬೇಡ, ಹಾಸನ

ಉತ್ತರ: ನೀವು ಬರೆದಿರುವಷ್ಟರಲ್ಲಿ ಕಾಯಿಲೆಯ ಲಕ್ಷಣ ಕಾಣುತ್ತಿಲ್ಲ. ಸೈನಿಕರನ್ನು ನೆನೆದರೆ ಎದೆಬಡಿತ ಇಳಿಯುವುದಿಲ್ಲ, ಸಂಕಟದ ಜೊತೆಗೆ ನಾಚಿಕೆಯೂ ಸೇರಿಕೊಳ್ಳುತ್ತದೆ. ಸಣ್ಣದೆಂದು ತಳ್ಳಿಹಾಕುವಂತೆಯೂ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಲಾಜರಸ್ ಮತ್ತು ಸಂಗಡಿಗರು 1981ರ ಅಧ್ಯಯನದಲ್ಲಿ ಕಂಡದ್ದು ಇದು: ಮನಸ್ಸು ಹದಗೆಡುವ ಸೂಚನೆ ಬದುಕಿನ ದೊಡ್ಡ ಆಘಾತಗಳಿಗಿಂತ ದಿನದಿನದ ಕಿರಿಕಿರಿಗಳಲ್ಲೇ ಹೆಚ್ಚು ಸ್ಪಷ್ಟವಾಗಿ ಸಿಗುತ್ತದೆ.

ಅದೇ ಲಾಜರಸ್ ಹೇಳುವಂತೆ ಒತ್ತಡದ ಹಿಂದೆ ಎರಡು ಲೆಕ್ಕಾಚಾರವಿರುತ್ತದೆ: ಇದರಿಂದ ನನಗೇನಾದೀತು, ನನ್ನ ಕೈಲಿ ನಿಭಾಯಿಸಲಾದೀತೇ? ದಣಿದ ತಲೆಗೆ ಎರಡೂ ತಪ್ಪುತ್ತವೆ. ಮ್ಯಾನೇಜರ್ ಬರೆದದ್ದು ಒಂದೇ ಸಾಲು. ಮೆಮೊ, ವರ್ಗಾವಣೆ, ಮಗಳ ಶಾಲೆಯ ಗತಿ ಎಂದು ಉಳಿದದ್ದನ್ನು ಪೋಣಿಸಿದ್ದು ನೀವೇ ಇರಬೇಕು. ಮುಂದಿನ ಸಲ ಹಾಳೆಯ ಎಡಕ್ಕೆ ಬಂದ ಮಾತು, ಬಲಕ್ಕೆ ನೀವು ಸೇರಿಸಿದ್ದು, ಹೀಗೆ ಬರೆದು ನೋಡಿ. ಬಲಗಡೆಯೇ ಉದ್ದವಾಗುತ್ತದೆ. ಆಮೇಲೆ 'ಆಗಲಿ ಸಾರ್, ಏನಾದರೂ ಕಾಗದ ತರಬೇಕೇ?' ಎಂದು ಕೇಳಿಬಿಡಿ. ಕೇಳುವುದಕ್ಕೆ ನಾವು ಯಾಕಿಷ್ಟು ಹಿಂಜರಿಯುತ್ತೇವೋ!

ಚಿಂತೆಗೆ ದಿನಾ ಸಂಜೆ ಅರ್ಧ ಗಂಟೆ ಮೀಸಲಿಡುವ ಕ್ರಮವನ್ನೂ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ನೋಡಿದ್ದಾರೆ. ಒಂದೇ ಜಾಗ, ಒಂದೇ ಹೊತ್ತು, ಹಾಸಿಗೆಯಲ್ಲಂತೂ ಬೇಡ. ಬೇರೆ ಹೊತ್ತಿನಲ್ಲಿ ಬಂದ ಚಿಂತೆಯನ್ನು ಚೀಟಿಯಲ್ಲಿ ಗೀಚಿ ಅಲ್ಲಿಗೆ ಮುಂದೂಡಿ. ಸಂಜೆ ಬಿಚ್ಚಿ ನೋಡುವಾಗ ಎಷ್ಟೋ ಚೀಟಿ ಸಪ್ಪೆಯೆನಿಸುತ್ತವೆ.

ಮಗಳಿಗೆ 'ಸಿಟ್ಟು ನಿನ್ನ ಮೇಲಲ್ಲ, ಆಫೀಸಿನ ಚಿಂತೆಯಿತ್ತು' ಎಂದು ಹೇಳಿದಿರಾ? ಇನ್ನೂ ತಡವಾಗಿಲ್ಲ.

ಪ್ರಶ್ನೆ: ಇಬ್ಬರು ಕೆಲಸ ಬಿಟ್ಟರು, ಅವರದ್ದೂ ನನ್ನ ತಲೆಗೇ ಬಂತು. ಪ್ರಾಣಾಯಾಮ, ಧ್ಯಾನದ ಆ್ಯಪ್ ಎಲ್ಲ ಆಯಿತು. ಒತ್ತಡ ಮಾತ್ರ ಇಳಿದಿಲ್ಲ.
– ಓದುಗ, ಬೆಂಗಳೂರು

ಉತ್ತರ: ಇಳಿಯುವುದು ಹೇಗೆ? ಮೂವರ ಕೆಲಸ ಉಸಿರಾಟದಿಂದ ಒಬ್ಬರದ್ದಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ 'ಬರ್ನ್‌ಔಟ್' ಅನ್ನು ಕಾಯಿಲೆಯೆನ್ನದೆ ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದೇ ಕರೆದಿದೆ. ಕೈಯಲ್ಲಿರುವ ಕೆಲಸಗಳನ್ನೆಲ್ಲ ಮೇಲಧಿಕಾರಿಗೆ ಬರೆದು ಕಳಿಸಿ, ಈ ವಾರ ಯಾವುದು ಮೊದಲು, ಯಾವುದನ್ನು ಬಿಡಲಿ ಎಂದು ಕೇಳಿ. ಮಾತಿನಲ್ಲಿ ಬೇಡ, ಇಮೇಲಿನಲ್ಲೇ ಇರಲಿ.

ಎರಡು ವಾರವಾದರೂ ನಿದ್ದೆ, ಹಸಿವು ಸರಿಹೋಗದೆ ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ ವೈದ್ಯರನ್ನು ಕಾಣಿ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ. ಕನ್ನಡದಲ್ಲೇ ಮಾತಾಡಬಹುದು.