ಅಡುಗೆಕಟ್ಟೆಗೆ ಓಕ್ ಮರವೋ, ಲ್ಯಾಮಿನೇಟೋ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಹಳೆಯ ಮನೆ ಕೊಂಡಿದ್ದೇವೆ. ಅಡುಗೆಕಟ್ಟೆಗೆ ಪತ್ನಿ ಓಕ್ ಮರ ಬೇಕೆನ್ನುತ್ತಾಳೆ, ನನಗೆ ಲ್ಯಾಮಿನೇಟ್ ಸಾಕೆನಿಸುತ್ತದೆ. ದಿನಾ ಒಗ್ಗರಣೆ, ಅರಿಸಿನ, ಕುಕ್ಕರ್ ಇರುವ ಮನೆಗೆ ಯಾವುದು ಸರಿ?

ಉತ್ತರ: ಮರಕ್ಕೆ ಎಣ್ಣೆ ಹಚ್ಚುತ್ತಿರುವ ವ್ಯವಧಾನ ನಿಮ್ಮಿಬ್ಬರಿಗೂ ಇಲ್ಲವಾದರೆ ಲ್ಯಾಮಿನೇಟೇ ಸರಿ. ಓಕ್ ಹಲಗೆಗೆ ಕೂಡಿಸುವ ಮುನ್ನವೇ ಅಂಚು, ಅಡಿಭಾಗ ಸೇರಿ ಹಲವು ಕೈ ಎಣ್ಣೆ ಬೇಕು. ಆಮೇಲೂ ಕೆಲವು ತಿಂಗಳಿಗೊಮ್ಮೆ. ಚಿಮುಕಿಸಿದ ನೀರು ಹನಿಯಾಗಿ ನಿಲ್ಲದೆ ಇಂಗಿದರೆ ಮತ್ತೆ ಹಚ್ಚುವ ಹೊತ್ತಾಯಿತೆಂದೇ ತಿಳಿಯಿರಿ. ಒದ್ದೆ ಕಬ್ಬಿಣದ ಕಾವಲಿ ಇಟ್ಟು ಮರೆತಿರೋ, ಓಕ್‌ನ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕಪ್ಪು ಉಂಗುರ ಮೂಡುತ್ತದೆ. ಅದನ್ನು ಉಜ್ಜುಕಾಗದದಿಂದ ತೆಗೆದು ಎಣ್ಣೆ ಹಚ್ಚಬಹುದು. ಸುಟ್ಟ ಲ್ಯಾಮಿನೇಟಿಗೆ ಹಾಗೆ ರಿಪೇರಿ ಇಲ್ಲ, ಆದ್ದರಿಂದ ಬಿಸಿ ಪಾತ್ರೆಗೆ ಸ್ಟ್ಯಾಂಡ್ ಇರಲೇಬೇಕು. ಅರಿಸಿನದ ಕಾರಣಕ್ಕೆ ಬಿಳಿ ಬಣ್ಣ ಬೇಡ.

ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಲ್ಯಾಮಿನೇಟು ಕೆಡುವುದು ಸಾಮಾನ್ಯವಾಗಿ ಸಿಂಕ್ ಕೊರೆದಲ್ಲಿ ಮತ್ತು ಜೋಡಣೆಯಲ್ಲಿ. ಒಳಗಿನ ಚಿಪ್‌ಬೋರ್ಡ್ ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯದು. ಕೊರೆದ ಅಂಚಿಗೆಲ್ಲ ಸೀಲರ್ ಬಳಿದಿದ್ದಾರೆಯೇ ಎಂದು ಸಿಂಕ್ ಕೂಡಿಸುವ ಮೊದಲೇ ನಿಂತು ನೋಡಿ.

ನನ್ನ ಸಲಹೆ, ಸಿಂಕ್ ಮತ್ತು ಒಲೆಯ ಸಾಲಿಗೆ ಲ್ಯಾಮಿನೇಟ್. ನೀರು ತಾಗದ ಕಡೆ ಓಕ್ ಹಲಗೆ. ಗ್ಯಾಸ್ ಒಲೆ ಬಿಚ್ಚಿ ಜೋಡಿಸುವ ಕೆಲಸವನ್ನು ಮಾತ್ರ ಗ್ಯಾಸ್ ಸೇಫ್ ನೋಂದಣಿ ಇರುವವರಿಗೇ ಒಪ್ಪಿಸಿ.